ಆಟೋಮ್ಯಾಟಿಕ್ ಮಸ್ಟ್ಯಾಂಗ್‌ಗೆ ಮ್ಯಾನುಯಲ್ ಗೇರ್‌ಬಾಕ್ಸ್: ಏನೇನು ಬದಲಾಯಿಸಬೇಕು?

ಹಳೇಗಾಡಿ
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1966ರ ಫೋರ್ಡ್ ಮಸ್ಟ್ಯಾಂಗ್ ಇದೆ. 289 ಕ್ಯೂಬಿಕ್ ಇಂಚಿನ ವಿ8, ಎರಡು ಬ್ಯಾರೆಲ್ ಕಾರ್ಬುರೇಟರ್, ಮೂರು ಗೇರಿನ ಸಿ4 ಆಟೋಮ್ಯಾಟಿಕ್. ಬಾಡಿಗೆ ತುಕ್ಕು ಹಿಡಿದಿಲ್ಲ, ಎಂಜಿನ್ ಗಟ್ಟಿಯಾಗಿದೆ. ಗೇರ್‌ಬಾಕ್ಸ್ ಮಾತ್ರ ಸುಸ್ತಾಗಿದೆ. ಎರಡರಿಂದ ಮೂರಕ್ಕೆ ಬೀಳುವಾಗ ಎಂಜಿನ್ ಒಂದು ಕ್ಷಣ ಖಾಲಿ ರೇಸ್ ಆಗುತ್ತದೆ, ಆಮೇಲೆ ಗೇರ್ ಹಿಡಿಯುತ್ತದೆ.

ಹೇಗೂ ಅದನ್ನು ಇಳಿಸಲೇಬೇಕು. ಇಳಿಸಿದ ಮೇಲೆ ಅದನ್ನೇ ರಿಪೇರಿ ಮಾಡಿಸುವ ಬದಲು ಐದು ಗೇರಿನ ಟಿ5 ಮ್ಯಾನುಯಲ್ ಹಾಕಿಸೋಣ ಅಂತ ಆಸೆ. ಈ ಕಾರನ್ನು ಕ್ಲಚ್ ತುಳಿದು, ಗೇರ್ ಎಳೆದು ಓಡಿಸಬೇಕು ಅಂತ ಮೊದಲಿಂದಲೂ ಮನಸ್ಸಿನಲ್ಲಿತ್ತು. ಗೇರ್‌ಬಾಕ್ಸ್, ಕ್ಲಚ್, ಪೆಡಲ್ ಬೇಕು ಅಂತ ಗೊತ್ತು. ಅದು ಬಿಟ್ಟು ಇನ್ನೇನು ಬೇಕಾಗುತ್ತದೆ? ಮಾಡಿದವರು ದಯವಿಟ್ಟು ಹೇಳಿ.

ವಿ8_ಸದ್ದು
ಮಾಡಿ ಸರ್, ಯೋಚನೆನೇ ಬೇಡ. ಆ ಎಂಜಿನ್‌ಗೆ ಮ್ಯಾನುಯಲ್ ಹಾಕಿದರೆ ಕಾರು ಬೇರೆಯೇ ಆಗುತ್ತದೆ. 1980ರ ದಶಕದ ಕೊನೆಯ 5.0 ಲೀಟರ್ ಮಸ್ಟ್ಯಾಂಗ್ ಒಂದು ಸ್ಕ್ರ್ಯಾಪ್‌ನಲ್ಲಿ ಸಿಕ್ಕರೆ ಟಿ5, ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸ್‌ಗೂ ನಡುವಿನ ಕವಚ), ಫ್ಲೈವೀಲ್ (ಕ್ಲಚ್ ಕೂರುವ ಭಾರದ ಚಕ್ರ), ಕ್ಲಚ್ ಎಲ್ಲ ಒಟ್ಟಿಗೆ ಎತ್ತಿಕೊಂಡು ಬನ್ನಿ. ಎರಡೂ ಒಂದೇ ವಂಶದ ಎಂಜಿನ್. ಹಾಗೇ ಕೂರುತ್ತದೆ.

ಪಾನಾ_ನಂ_14
ನಿಲ್ಲಿ ನಿಲ್ಲಿ. ಕೂರುವುದೇನೋ ಕೂರುತ್ತದೆ, ಬೋಲ್ಟೂ ಹಿಡಿಯುತ್ತದೆ. ಅದೇ ಅಪಾಯ. 289ಕ್ಕೆ ಬೇಕಾದ ಫ್ಲೈವೀಲ್ 28 ಔನ್ಸ್-ಇಂಚ್ ಬ್ಯಾಲೆನ್ಸಿನದು. 1980ರ ದಶಕದ 5.0 ಎಂಜಿನ್ನಿನದು 50. ಈ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ನ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್‌ನ) ಬ್ಯಾಲೆನ್ಸಿನ ಒಂದು ಪಾಲು ಮುಂದಿನ ಡ್ಯಾಂಪರ್‌ನಲ್ಲಿ, ಇನ್ನೊಂದು ಪಾಲು ಹಿಂದಿನ ಫ್ಲೈವೀಲ್‌ನಲ್ಲಿ ಇರುತ್ತದೆ. ಹಿಂದಿನದು ತಪ್ಪಾದರೆ ಇಡೀ ಎಂಜಿನ್ ನಡುಗುತ್ತದೆ. ಹಾಗೇ ಓಡಿಸುತ್ತಾ ಹೋದರೆ ಮೇನ್ ಬೇರಿಂಗ್‌ಗಳು ಹೋಗುತ್ತವೆ.

ಫ್ಲೈವೀಲ್ ಅಂಚಿನ ಹಲ್ಲಿನ ಲೆಕ್ಕ ಬೇರೆ ಇದೆ, ಸ್ಟಾರ್ಟರ್ ಕಚ್ಚುವುದು ಅದಕ್ಕೆ. ಸ್ಮಾಲ್ ಬ್ಲಾಕ್ ಫೋರ್ಡ್‌ಗೆ, ಅಂದರೆ ಈ ವಂಶದ ಎಂಜಿನ್‌ಗೆ, 157 ಹಲ್ಲಿನದೂ ಇದೆ, 164 ಹಲ್ಲಿನದೂ ಇದೆ. ಬೆಲ್ ಹೌಸಿಂಗ್ ಯಾವುದೋ ಅದಕ್ಕೆ ತಕ್ಕ ಫ್ಲೈವೀಲ್, ಫ್ಲೈವೀಲ್‌ಗೆ ತಕ್ಕ ಸ್ಟಾರ್ಟರ್. ಮೂರೂ ಒಂದಕ್ಕೊಂದು ಹೊಂದಬೇಕು. ಒಂದೊಂದನ್ನು ಒಂದೊಂದು ಕಡೆ ತಂದರೆ ಸ್ಟಾರ್ಟರ್ ಕಿರುಚುವುದು ಖಾತ್ರಿ.

ವಿ8_ಸದ್ದು
50ರ ಫ್ಲೈವೀಲನ್ನು ಮಷಿನ್ ಶಾಪ್‌ನಲ್ಲಿ 28ಕ್ಕೆ ಇಳಿಸಬಹುದಲ್ವಾ? ತೂಕ ತೆಗೆಯುವುದು ಅಷ್ಟೇ ತಾನೇ.

ಪಾನಾ_ನಂ_14
ಇಳಿಸಬಹುದು. ಆದರೆ ಬ್ಯಾಲೆನ್ಸಿಂಗ್ ಮಷಿನ್ ಮೇಲೆ ಇಟ್ಟು ಅಳೆದು ಮಾಡುವವರು ಬೇಕು. ಡ್ರಿಲ್ ಹಿಡಿದು ಅಂದಾಜಿನ ಮೇಲೆ ನಾಲ್ಕು ತೂತು ಹಾಕಿ ಕೊಡುವವರ ಹತ್ತಿರ ಹೋಗಬೇಡಿ. 28ರದ್ದೇ ಹೊಸದು ಸಿಗುವಾಗ ಆ ಉಸಾಬರಿ ಯಾಕೆ? ಗೇರ್‌ಬಾಕ್ಸ್ 5.0 ಕಾರಿನದು ತರಲಿ, ಬೇಡ ಅನ್ನಲ್ಲ. ಫ್ಲೈವೀಲ್ ಮಾತ್ರ ಬೇಡ.

ಡೀಸೆಲ್_ಹೊಗೆ
ಈ ಬ್ಯಾಲೆನ್ಸ್ ಮಾತು ಮಸ್ಟ್ಯಾಂಗ್‌ಗೆ ಮಾತ್ರ ಅಂದುಕೊಳ್ಳಬೇಡಿ. ನನ್ನದು ಮರ್ಸಿಡಿಸ್ ಡಬ್ಲ್ಯು123, ಐದು ಸಿಲಿಂಡರ್ ಡೀಸೆಲ್. ಅದರಲ್ಲಿ ಹೊಸ ಫ್ಲೈವೀಲನ್ನು ಹಳೆಯ ಫ್ಲೆಕ್ಸ್ ಪ್ಲೇಟ್‌ಗೆ (ಆಟೋಮ್ಯಾಟಿಕ್‌ನಲ್ಲಿ ಫ್ಲೈವೀಲ್ ಜಾಗದಲ್ಲಿರುವ ತೆಳು ತಗಡಿಗೆ) ಹೊಂದಿಸಿ ಬ್ಯಾಲೆನ್ಸ್ ಮಾಡಿಸಬೇಕು. ಎರಡನ್ನೂ ಬ್ಯಾಲೆನ್ಸಿಂಗ್ ಅಂಗಡಿಗೆ ಕೊಟ್ಟು 'ಇದು ಹೇಗಿದೆಯೋ ಅದನ್ನೂ ಹಾಗೇ ಮಾಡಿಕೊಡಿ' ಅನ್ನಬೇಕು. ನನ್ನ ಕಾರು ಬಿಟ್ಟಿದ್ದ ವರ್ಕ್‌ಶಾಪ್‌ನವರು ಅದನ್ನು ಮಾಡದೆ ಫ್ಲೈವೀಲನ್ನು ಹಾಗೇ ಬಿಗಿದು ಕೊಟ್ಟರು. ಐಡಲ್‌ನಲ್ಲಿ ಏನೂ ಗೊತ್ತಾಗಲಿಲ್ಲ, ಡೀಸೆಲ್ ಹೇಗೂ ಅಲ್ಲಾಡುತ್ತದೆ. ವೇಗ ಏರಿದಾಗ ಗೇರ್ ಲಿವರ್ ಹಿಡಿದ ಕೈಯೇ ಜುಮ್ಮೆನ್ನುತ್ತಿತ್ತು. 'ಎಂಜಿನ್ ಮೌಂಟ್ ಹೋಗಿದೆ' ಅಂತ ಮೌಂಟ್ ಬದಲಿಸಿದರು. ಸರಿಹೋಗಲಿಲ್ಲ. ಕೊನೆಗೆ ಬೇರೆ ಕಡೆ ಇಡೀ ಗೇರ್‌ಬಾಕ್ಸ್ ಮತ್ತೆ ಇಳಿಸಿ ಫ್ಲೈವೀಲ್ ಬ್ಯಾಲೆನ್ಸ್ ಮಾಡಿಸಿದ ಮೇಲೆ ಸರಿಯಾಯಿತು.

ನಿಮ್ಮ ಫ್ಲೆಕ್ಸ್ ಪ್ಲೇಟ್ ಬಿಚ್ಚಿದ ದಿನವೇ ಗುಜರಿಗೆ ಹಾಕಬೇಡಿ ಅನ್ನುವುದು ಇದಕ್ಕೇ.

ಮೂಲರೂಪ
ನಾನು ವಿರೋಧವಾಗಿ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬಾಗಿಲಿನ ಪ್ಲೇಟ್ ನೋಡಿದ್ದೀರಾ? ಟ್ರಾನ್ಸ್‌ಮಿಷನ್ ಕಾಲಂನಲ್ಲಿ 6 ಅಂತ ಇದ್ದರೆ ಕಾರು ಕಾರ್ಖಾನೆಯಿಂದಲೇ ಸಿ4 ಜೊತೆ ಬಂದಿದೆ. ಅರವತ್ತು ವರ್ಷದ ಹತ್ತಿರ ಹತ್ತಿರ ಒಂದೇ ರೂಪದಲ್ಲಿ ಉಳಿದ ಕಾರು ಅದು. ಅದನ್ನು ಮುಟ್ಟಲು ನನಗಂತೂ ಮನಸ್ಸು ಬರುವುದಿಲ್ಲ.

ಇನ್ನೊಂದು ಮಾತು. 1966ರ ಸಿ4 ಲಿವರ್‌ನಲ್ಲಿ ಎರಡು ಚುಕ್ಕಿ ಇರುತ್ತವಲ್ವಾ, ದೊಡ್ಡ ಹಸಿರು ಚುಕ್ಕಿ ಮತ್ತು ಚಿಕ್ಕ ಚುಕ್ಕಿ. ಹಸಿರಿನಲ್ಲಿ ಇಟ್ಟರೆ ಒಂದು, ಎರಡು, ಮೂರು ಅಂತ ಪೂರ್ತಿ ಓಡುತ್ತದೆ. ಚಿಕ್ಕದರಲ್ಲಿ ಇಟ್ಟರೆ ಎರಡರಿಂದಲೇ ಹೊರಡುತ್ತದೆ. 1967ರಲ್ಲಿ ಅದನ್ನು ಬದಲಾಯಿಸಿಬಿಟ್ಟರು. ಇಂಥ ಸಣ್ಣಪುಟ್ಟ ವಿಶೇಷಗಳೇ ಆ ಕಾಲದ ಕಾರಿನ ಗುರುತು.

ವಿ8_ಸದ್ದು
ಗುರುತು ಸರಿ ಸರ್, ಆದರೆ ಓಡಿಸುವವರು ಅವರು ತಾನೇ? ಪ್ರದರ್ಶನಕ್ಕೆ ಇಟ್ಟ ಕಾರಲ್ಲ. ಲಕ್ಷಗಟ್ಟಲೆ ತಯಾರಾದ ಕಾರು ಇದು, ಒಂದೇ ಒಂದು ಉಳಿದಿದೆ ಅನ್ನುವಂಥದ್ದಲ್ಲ.

ಮೂಲರೂಪ
ಲಕ್ಷಗಟ್ಟಲೆ ತಯಾರಾಗಿದ್ದು ನಿಜ. ಕೈ ಹಾಕದೆ ಉಳಿದದ್ದು ಎಷ್ಟು? ಸರಿ, ಮಾಡಲೇಬೇಕು ಅಂತಿದ್ದರೆ ಬಿಚ್ಚಿದ ಒಂದೊಂದು ಸಾಮಾನಿಗೂ ಚೀಟಿ ಕಟ್ಟಿ ಡಬ್ಬಿಯಲ್ಲಿಡಿ. ಬಾಡಿಯಲ್ಲಿ ಕತ್ತರಿಸುವ ಕೆಲಸ ಎಷ್ಟು ಕಡಿಮೆ ಆದರೆ ಅಷ್ಟು ಒಳ್ಳೆಯದು. ಮುಂದೆ ಯಾರಾದರೂ ವಾಪಸ್ ಮಾಡಬೇಕು ಅಂದರೆ ಆಗಬೇಕು.

ಹಳೇಗಾಡಿ
ಮೂಲರೂಪ ಸರ್, ನಿಮ್ಮ ಮಾತು ನನಗೆ ಅರ್ಥ ಆಗುತ್ತದೆ. ಪ್ಲೇಟ್‌ನಲ್ಲಿ 6 ಅಂತಲೇ ಇದೆ. ಸಿ4 ಮಾರುವ ಯೋಚನೆ ಇಲ್ಲ, ಅದು ಕಾರಿನ ಜೊತೆಗೇ ಇರುತ್ತದೆ. ಎಂಜಿನ್ ಅದೇ, ಹೊರಗಿನ ರೂಪ ಅದೇ. ಬಾಡಿ ಕತ್ತರಿಸುವುದು ನನಗೂ ಇಷ್ಟವಿಲ್ಲ.

ಎಣ್ಣೆಕೈ
ನೀವೆಲ್ಲ ಆಗಲೇ ಗೇರ್‌ಬಾಕ್ಸ್ ಇಳಿಸಿಬಿಟ್ಟಿರಿ! ಮೊದಲು ಸಿ4 ನಿಜವಾಗಲೂ ಸತ್ತಿದೆಯಾ ನೋಡಿ. ಎರಡರಿಂದ ಮೂರಕ್ಕೆ ಹೋಗುವಾಗ ಎಂಜಿನ್ ರೇಸ್ ಆಗುವುದಕ್ಕೆ ಇಂಟರ್‌ಮೀಡಿಯೇಟ್ ಬ್ಯಾಂಡ್ (ಎರಡನೇ ಗೇರ್ ಹಿಡಿಯುವ ಪಟ್ಟಿ) ಸಡಿಲ ಆಗಿದ್ದರೂ ಸಾಕು. ಅದರ ಅಡ್ಜಸ್ಟಿಂಗ್ ಸ್ಕ್ರೂ ಹೊರಗಡೆಯೇ ಇದೆ. ಲಾಕ್ ನಟ್ ಬಿಚ್ಚಿ, ಸ್ಕ್ರೂವನ್ನು 10 ಫುಟ್-ಪೌಂಡ್‌ಗೆ ಬಿಗಿದು, ಅಲ್ಲಿಂದ ಒಂದೂ ಮುಕ್ಕಾಲು ಸುತ್ತು ಹಿಂದೆ ತಿರುಗಿಸಿ ಹೊಸ ಲಾಕ್ ನಟ್ ಹಾಕಬೇಕು. ಎಣ್ಣೆ ಮಟ್ಟವನ್ನೂ ನೋಡಿ. ಎಣ್ಣೆ ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್‌ಗಳು ಹೋಗಿವೆ. ಕೆಂಪಗೇ ಇದ್ದರೆ ಇನ್ನೂ ಆಸೆ ಇದೆ.

ಇದರಲ್ಲೇ ಸರಿಹೋದರೆ ಅವಸರ ಇಲ್ಲದೆ ಸಾಮಾನು ಹುಡುಕಬಹುದು. ಕಾರು ನಿಂತುಬಿಟ್ಟರೆ ಸಿಕ್ಕಿದ್ದನ್ನೆಲ್ಲ ಕೊಳ್ಳುವ ಹಾಗಾಗುತ್ತದೆ.

ಇಟ್ಟಿಗೆ_ವೋಲ್ವೋ
ಎಣ್ಣೆಕೈ ಅವರ ಮಾತಿಗೆ ನನ್ನದೂ ಒಂದು ಸಹಿ. ನನ್ನ ವೋಲ್ವೋ 240 ಮೊದಲು ಆಟೋಮ್ಯಾಟಿಕ್. ಅದರ ಆಟೋ ಗೇರ್‌ಬಾಕ್ಸ್‌ಗೆ ಏನೂ ಆಗಿರಲಿಲ್ಲ. ಆದರೂ ಎಂ46 ಮ್ಯಾನುಯಲ್ ಗೇರ್‌ಬಾಕ್ಸ್ ಹಾಕಿಸಿದೆ, ಬರೀ ಇಷ್ಟಕ್ಕೋಸ್ಕರ. ನಾಲ್ಕು ಗೇರು, ಅದರ ಮೇಲೆ ಓವರ್‌ಡ್ರೈವ್, ಗೇರ್ ಲಿವರ್‌ನ ತಲೆಯ ಮೇಲೆ ಒಂದು ಬಟನ್. ನಾಲ್ಕನೇ ಗೇರ್‌ನಲ್ಲಿ ಅದನ್ನು ಒತ್ತಿದಾಗ ಎಂಜಿನ್ ಸದ್ದು ತಗ್ಗುವುದು ಕೇಳಿದರೆ ಎಷ್ಟು ಖುಷಿ ಆಗುತ್ತದೆ ಅಂತ ಹೇಳಲಾರೆ.

ನಾನು ಪೂರ್ತಿ ಒಂದೇ ಕಾರಿನಿಂದ ಎಲ್ಲವನ್ನೂ ತೆಗೆದುಕೊಂಡೆ. ಪೆಡಲ್ ಸೆಟ್, ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವುದು), ಹಿಂದಿನ ಮೌಂಟ್, ಬೋಲ್ಟು, ಕ್ಲಿಪ್ಪು, ರಬ್ಬರ್ ಬೂಟು ಎಲ್ಲ. ದೊಡ್ಡ ಸಾಮಾನು ಎಲ್ಲಾದರೂ ಸಿಗುತ್ತದೆ. ಕೆಲಸ ನಿಲ್ಲಿಸುವುದು ಈ ಸಣ್ಣ ಕ್ಲಿಪ್ಪುಗಳೇ.

ಗಾಯತ್ರಿ_ಗ್ಯಾರೇಜ್
ಪೆಡಲ್ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ. ನಾನು ಹೇಳುತ್ತೇನೆ, ಯಾಕೆಂದರೆ ಇಡೀ ಕೆಲಸದಲ್ಲಿ ಬೆನ್ನು ಮುರಿಯುವುದು ಅದೇ.

ಆಟೋಮ್ಯಾಟಿಕ್ ಕಾರಿನ ಬ್ರೇಕ್ ಪೆಡಲ್ ಅಗಲ. ಅದು ಹೋಗಬೇಕು, ಚಿಕ್ಕ ಪೆಡಲ್ ಬರಬೇಕು. ಕ್ಲಚ್ ಪೆಡಲ್ ಬ್ರೇಕ್ ಪೆಡಲ್ ಜೊತೆಗೆ ಒಂದೇ ಬ್ರ್ಯಾಕೆಟ್‌ನಲ್ಲಿ ತೂಗುತ್ತದೆ, ಹಾಗಾಗಿ ಇಡೀ ಬ್ರ್ಯಾಕೆಟ್ ಇಳಿಸಬೇಕು. ಡ್ಯಾಶ್‌ಬೋರ್ಡ್ ಕೆಳಗೆ ಅಂಗಾತ ಮಲಗಿ, ಸೀಟು ಬಿಚ್ಚಿಟ್ಟು, ಸ್ಟೀರಿಂಗ್ ಕಾಲಂ ಸಡಿಲ ಮಾಡಿ ಕೆಲಸ. ಹಳೆ ಬ್ರ್ಯಾಕೆಟ್ ತಂದರೆ ಬುಷ್ ನೋಡಿ. ನೈಲಾನ್ ಬುಷ್ ಸವೆದು ಪೆಡಲ್ ಅಕ್ಕಪಕ್ಕ ಆಡುತ್ತಿರುತ್ತದೆ. ಅದನ್ನು ಹೊರಗಿದ್ದಾಗಲೇ ಬದಲಿಸಿ. ಬೇರಿಂಗ್ ಹಾಕುವ ಕಿಟ್ ಕೂಡ ಸಿಗುತ್ತದೆ, ಪೆಡಲ್ ಬೆಣ್ಣೆ ಹಾಗೆ ಇಳಿಯುತ್ತದೆ.

ಆಮೇಲೆ ಕ್ಲಚ್ ಒತ್ತುವ ಬಗೆ. ಆ ಕಾಲದ ಮಸ್ಟ್ಯಾಂಗ್‌ನಲ್ಲಿ ಝಡ್ ಬಾರ್ ಇತ್ತು, ಪೆಡಲಿನ ಒತ್ತಡವನ್ನು ಕ್ಲಚ್‌ಗೆ ಮುಟ್ಟಿಸುವ ಸನ್ನೆ. ಒಂದು ತುದಿ ಎಂಜಿನ್ ಬ್ಲಾಕ್‌ನ ಬಾಲ್ ಮೇಲೆ, ಇನ್ನೊಂದು ತುದಿ ಚಾಸಿಯ ಬ್ರ್ಯಾಕೆಟ್ ಮೇಲೆ. 5.0 ಕಾರಿನ ಬೆಲ್ ಹೌಸಿಂಗ್ ಕೇಬಲ್‌ಗೆ ಮಾಡಿದ್ದು. ಎಕ್ಸಾಸ್ಟ್ ಹೆಡರ್ ಹಾಕಿದ್ದರೆ ಝಡ್ ಬಾರ್‌ಗೆ ಜಾಗ ಸಾಲದೆ ಹೋಗಬಹುದು. ಕೇಬಲ್ ಹಾಕಿದರೆ ಫೈರ್‌ವಾಲ್ (ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡು) ಗಟ್ಟಿ ಮಾಡಿಸಬೇಕು, ಇಲ್ಲದಿದ್ದರೆ ಕ್ಲಚ್ ತುಳಿದಾಗಲೆಲ್ಲ ಆ ತಗಡು ಬಾಗುತ್ತದೆ. ಹೈಡ್ರಾಲಿಕ್ ಮೂರನೇ ದಾರಿ. ಮೂರರಲ್ಲಿ ಯಾವುದು ಅಂತ ಮೊದಲು ತೀರ್ಮಾನ ಮಾಡಿ, ಆಮೇಲೆ ಬೆಲ್ ಹೌಸಿಂಗ್ ಕೊಳ್ಳಿ. ಉಲ್ಟಾ ಮಾಡಬೇಡಿ.

ನಾನು ಝಡ್ ಬಾರ್ ಪರ. ಸರಳ, ಕಣ್ಣಿಗೆ ಕಾಣುತ್ತದೆ, ಗ್ರೀಸ್ ಹಾಕಿದರೆ ಸಾಕು.

ಪಾನಾ_ನಂ_14
ಝಡ್ ಬಾರ್ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ ಮೇಡಂ. ಎಂಜಿನ್ ಮೌಂಟ್ ಮೆತ್ತಗಾದರೆ ಎಂಜಿನ್ ಎದ್ದಾಗ ಝಡ್ ಬಾರ್ ಕೂಡ ಎಳೆದಾಡುತ್ತದೆ. ಟ್ರಾಫಿಕ್‌ನಲ್ಲಿ ಜಾಸ್ತಿ ಓಡಿಸುವವರಿಗೆ ಹೈಡ್ರಾಲಿಕ್ ವಾಸಿ. ಕಾಲಿಗೆ ಹಗುರ.

ಗಾಯತ್ರಿ_ಗ್ಯಾರೇಜ್
ಮೌಂಟ್ ಮೆತ್ತಗಾದರೆ ಮೌಂಟ್ ಬದಲಿಸಬೇಕು! ಹೈಡ್ರಾಲಿಕ್‌ನಲ್ಲಿ ಕ್ಲಚ್ ಒತ್ತುವ ಸಿಲಿಂಡರ್ ರಿಲೀಸ್ ಬೇರಿಂಗ್ ಜೊತೆಗೆ ಬೆಲ್ ಹೌಸಿಂಗ್ ಒಳಗೇ ಇರುವ ಮಾದರಿ ಹಾಕಿಸಿದ್ದು, ಅದು ಸೋರಿದರೆ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕು. ಝಡ್ ಬಾರ್ ಕೆಟ್ಟರೆ ರಸ್ತೆ ಬದಿಯಲ್ಲೇ ನೋಡಬಹುದು.

ಡೀಸೆಲ್_ಹೊಗೆ
ಜರ್ಮನ್ ಕಾರಿನವರಿಗೆ ಒಂದು ಸೇರಿಸುತ್ತೇನೆ. ಹಲವು ಕಾರುಗಳಲ್ಲಿ ಕ್ಲಚ್ ಮಾಸ್ಟರ್ ಸಿಲಿಂಡರ್‌ಗೆ ಎಣ್ಣೆ ಬ್ರೇಕ್ ಎಣ್ಣೆಯ ಡಬ್ಬಿಯಿಂದಲೇ ಹೋಗುತ್ತದೆ. ಆಟೋಮ್ಯಾಟಿಕ್ ಕಾರಿನ ಡಬ್ಬಿಯಲ್ಲಿ ಆ ಮೂತಿ ಮುಚ್ಚಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಮ್ಯಾನುಯಲ್ ಕಾರಿನ ಡಬ್ಬಿ ತರಬೇಕು.

ಸೆನ್ಸರ್_ಸಂಗತಿ
ಇಂಜೆಕ್ಷನ್ ಕಾರು ಇರುವವರು ಇನ್ನೊಂದನ್ನು ನೋಡಿ. 1980ರ ದಶಕದ ಮೊದಲ ಮೊಟ್ರಾನಿಕ್ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇರುವ ಕೆಲವು ಬಿಎಂಡಬ್ಲ್ಯುಗಳಲ್ಲಿ ಕ್ರ್ಯಾಂಕ್ ಎಲ್ಲಿದೆ ಅಂತ ತಿಳಿಯುವ ಸೆನ್ಸರ್‌ಗಳು ಬೆಲ್ ಹೌಸಿಂಗ್ ಮೇಲಿದ್ದು ಫ್ಲೈವೀಲನ್ನೇ ಓದುತ್ತವೆ. ಅದಕ್ಕೆ ಹೊಂದದ ಫ್ಲೈವೀಲ್ ಹಾಕಿದರೆ ಎಂಜಿನ್ ತಿರುಗುತ್ತದೆ, ಹತ್ತುವುದಿಲ್ಲ. ಕಾರ್ಬುರೇಟರ್ ಮಸ್ಟ್ಯಾಂಗ್‌ಗೆ ಈ ತಲೆನೋವಿಲ್ಲ.

ಹಳೇಗಾಡಿ
ಇಷ್ಟೊಂದು ಮಾಹಿತಿಗೆ ತುಂಬಾ ಥ್ಯಾಂಕ್ಸ್. ಗಾಯತ್ರಿ ಮೇಡಂ, ನನ್ನ ಕಾರಿಗೆ ಹೆಡರ್ ಇಲ್ಲ, ಕಾರ್ಖಾನೆಯ ಮ್ಯಾನಿಫೋಲ್ಡೇ ಇದೆ. ಹಾಗಾದರೆ ಝಡ್ ಬಾರ್ ಕಡೆಗೇ ಒಲವು. ಪ್ರೊಪೆಲ್ಲರ್ ಶಾಫ್ಟ್ ಉದ್ದ ಬದಲಾಗುತ್ತದಾ? ಕ್ರ್ಯಾಂಕ್‌ನಲ್ಲಿ ಪೈಲಟ್ ಬೇರಿಂಗ್‌ಗೆ ಜಾಗ ಇರುತ್ತದಾ?

ಪಾನಾ_ನಂ_14
ಸಿ4ಗೂ ಟಿ5ಗೂ ಹಿಂದಿನ ಸ್ಪ್ಲೈನ್ ಒಂದೇ, 28 ಹಲ್ಲು. ಹಾಗಾಗಿ ನಿಮ್ಮ ಯೋಕ್ (ಗೇರ್‌ಬಾಕ್ಸ್ ಒಳಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ನ ಮುಂದಿನ ತುದಿ) ನಡೆಯುತ್ತದೆ. ಉದ್ದವನ್ನು ಮಾತ್ರ ಯಾರ ಮಾತೂ ಕೇಳಬೇಡಿ, ನನ್ನದೂ ಸೇರಿಸಿ. ಗೇರ್‌ಬಾಕ್ಸ್ ಕೂರಿಸಿ, ಕಾರಿನ ತೂಕ ಹಿಂದಿನ ಚಕ್ರಗಳ ಮೇಲೆ ಬಿಟ್ಟು, ಆಮೇಲೆ ಅಳೆಯಿರಿ. ಆಕ್ಸಲ್ ಜೋತುಬಿದ್ದಿದ್ದಾಗ ತೆಗೆದ ಅಳತೆ ಸುಳ್ಳು. ಯೋಕ್ ಪೂರ್ತಿ ಒಳಗೆ ತಳ್ಳಿ, ಮುಕ್ಕಾಲು ಇಂಚಿನಷ್ಟು ಹಿಂದೆ ಎಳೆದಾಗ ಇರುವ ಅಂತರವೇ ನಿಮ್ಮ ಉದ್ದ. ಕ್ರಾಸ್ ಮೆಂಬರ್ (ಗೇರ್‌ಬಾಕ್ಸ್ ಹೊರುವ ಅಡ್ಡಪಟ್ಟಿ) ಟಿ5ಗೆ ಬೇರೆಯದೇ ಬೇಕು, ಬೋಲ್ಟ್ ಹಾಕುವಂಥದ್ದು ಸಿಗುತ್ತದೆ, ಬೆಸುಗೆ ಬೇಡ.

ಪೈಲಟ್‌ಗೆ ಕ್ರ್ಯಾಂಕ್‌ನ ಹಿಂದಿನ ತುದಿಯ ತೂತಿಗೆ ಬುಷ್ ಬಡಿದು ಕೂರಿಸಬೇಕು. ಆಟೋಮ್ಯಾಟಿಕ್‌ನ ಟಾರ್ಕ್ ಕನ್ವರ್ಟರ್ ಇದ್ದಾಗ ಅದರ ಅಗತ್ಯ ಇರಲಿಲ್ಲ. ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್‌ನ ಮೂತಿ ತಿರುಗುವುದು ಅದರೊಳಗೆ. ಮರೆತರೆ ಎಲ್ಲ ಜೋಡಿಸಿದ ಮೇಲೆ ಗೊತ್ತಾಗುತ್ತದೆ. ಬೇರೆ ಕಂಪನಿಗಳ ಕೆಲವು ಆಟೋಮ್ಯಾಟಿಕ್ ಎಂಜಿನ್‌ಗಳಲ್ಲಿ ಆ ತೂತನ್ನು ಪೂರ್ತಿ ಅಳತೆಗೆ ಕೊರೆದಿರುವುದೇ ಇಲ್ಲ, ಹಾಗಾಗಿ ಯಾವ ಕಾರೇ ಇರಲಿ ಫ್ಲೆಕ್ಸ್ ಪ್ಲೇಟ್ ತೆಗೆದ ಕೂಡಲೇ ಕ್ಯಾಲಿಪರ್ ಹಾಕಿ ನೋಡಿ.

ಫ್ಲೈವೀಲ್ ಬೋಲ್ಟ್ ಹೊಸದು ತನ್ನಿ. ಫ್ಲೆಕ್ಸ್ ಪ್ಲೇಟ್ ತೆಳು ತಗಡು, ಅದರ ಬೋಲ್ಟ್ ಗಿಡ್ಡ. ಫ್ಲೈವೀಲ್‌ಗೆ ಅದು ಸಾಲದು.

ಡಯಲ್_ಗೇಜ್
ಬೆಲ್ ಹೌಸಿಂಗ್ ನೇರ ಇದೆಯಾ ಅಂತ ಯಾರೂ ನೋಡುವುದಿಲ್ಲ, ಅದಕ್ಕೇ ಇಷ್ಟು ಗೇರ್‌ಬಾಕ್ಸ್ ಹಾಳಾಗುತ್ತವೆ. ಫ್ಲೈವೀಲ್‌ಗೆ ಡಯಲ್ ಗೇಜ್ ಕಚ್ಚಿಸಿ, ಮುಳ್ಳನ್ನು ಬೆಲ್ ಹೌಸಿಂಗ್‌ನ ದೊಡ್ಡ ತೂತಿನ ಅಂಚಿಗೆ ತಾಗಿಸಿ, ಎಂಜಿನ್ನನ್ನು ಕೈಯಲ್ಲಿ ಒಂದು ಸುತ್ತು ನಿಧಾನಕ್ಕೆ ತಿರುಗಿಸಿ. ಮುಳ್ಳು ಒಟ್ಟು 0.005 ಇಂಚಿಗಿಂತ ಜಾಸ್ತಿ ಓಡಬಾರದು. ಓಡಿದರೆ ಆಫ್‌ಸೆಟ್ ಡವೆಲ್ ಪಿನ್ ಸಿಗುತ್ತವೆ, ಅವನ್ನು ಹಾಕಿ ಸರಿಮಾಡಬೇಕು. ಗೆಳೆಯರೊಬ್ಬರ ಕಾರಿನಲ್ಲಿ ಹೊಸ ಪೈಲಟ್ ಬುಷ್ ಒಂದೇ ಪಕ್ಕಕ್ಕೆ ಸವೆದು ಮೊಟ್ಟೆಯಾಕಾರ ಆಗಿತ್ತು. ಗೇರ್‌ಬಾಕ್ಸ್ ಮೇಲೆ ಅನುಮಾನಪಟ್ಟು ಅದನ್ನೇ ಎರಡು ಸಲ ಬಿಚ್ಚಿಸಿದ್ದರು. ಗೇಜ್ ಹಾಕಿದಾಗ ಗೊತ್ತಾಗಿದ್ದು ಬೆಲ್ ಹೌಸಿಂಗ್ ಸೊಟ್ಟ ಅಂತ.

ಜೋಡಿಸುವಾಗ ಗೇರ್‌ಬಾಕ್ಸ್ ತೂಕವನ್ನು ಇನ್‌ಪುಟ್ ಶಾಫ್ಟ್ ಮೇಲೆ ಬಿಡಬೇಡಿ, ಕ್ಲಚ್ ಪ್ಲೇಟ್ ಬಾಗುತ್ತದೆ. ಕೊನೆಯ ಅರ್ಧ ಇಂಚನ್ನು ಬೋಲ್ಟ್ ಬಿಗಿದು ಎಳೆಯುವುದೂ ತಪ್ಪು. ಸರಿ ಇದ್ದರೆ ಕೈಯಲ್ಲೇ ಜಾರಿ ಕೂರುತ್ತದೆ.

ಎಣ್ಣೆಕೈ
ಟಿ5 ಕೊಳ್ಳುವವರು ಬಾಲದ ಹೌಸಿಂಗ್‌ನ ಬೋಲ್ಟ್ ಒಂದಕ್ಕೆ ಸಿಕ್ಕಿಸಿದ ಲೋಹದ ಚೀಟಿ ನೋಡಿ. 1352 ಅಂತ ಶುರುವಾಗುವ ನಂಬರ್ ಇರುತ್ತದೆ. ಯಾವ ಕಾರಿನದು, ಯಾವ ಗೇರ್ ಅನುಪಾತ ಅಂತ ಅದರಿಂದಲೇ ಗೊತ್ತಾಗುತ್ತದೆ. ನಾಲ್ಕು ಸಿಲಿಂಡರ್ ಕಾರಿನ ಟಿ5 ನೋಡಲು ಹಾಗೇ ಇರುತ್ತದೆ, ಆದರೆ ಮೊದಲ ಗೇರ್ ತೀರಾ ಗಿಡ್ಡ, ವಿ8 ಎಳೆತಕ್ಕೆ ಮಾಡಿದ್ದಲ್ಲ. ವಿ8ನದು ಮೊದಲ ಗೇರ್ 3.35, ಐದನೆಯದು 0.68. 'ವರ್ಲ್ಡ್ ಕ್ಲಾಸ್' ಮಾದರಿಯಾದರೆ ದಪ್ಪ ಗೇರ್ ಆಯಿಲ್ ಹಾಕಬೇಡಿ, ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ತೆಳು ಎಣ್ಣೆ) ಹಾಕಿ.

ಇಟ್ಟಿಗೆ_ವೋಲ್ವೋ
ಮ್ಯಾನುಯಲ್‌ಗೆ ಎಟಿಎಫ್? ನಿಜವಾಗಲೂ?

ಎಣ್ಣೆಕೈ
ನಿಜ. ಅದರ ಸಿಂಕ್ರೋ ರಿಂಗ್‌ಗಳಲ್ಲಿ ಹಿತ್ತಾಳೆ ಬದಲು ಬೇರೆ ಲೈನಿಂಗ್ ಇದೆ. ದಪ್ಪ ಎಣ್ಣೆ ಹಾಕಿದರೆ ಗೇರ್ ಗಡಸಾಗುತ್ತದೆ.

ಗಾಯತ್ರಿ_ಗ್ಯಾರೇಜ್
ಸಿ4 ತೆಗೆದಾಗ ಅನಾಥವಾಗುವ ತುದಿಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಮೊದಲನೆಯದು ವ್ಯಾಕ್ಯೂಮ್ ಮಾಡ್ಯುಲೇಟರ್‌ಗೆ ಹೋಗುವ ಸಣ್ಣ ಪೈಪು. ಅದರ ಇನ್ನೊಂದು ತುದಿ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿದೆ. ಅದನ್ನು ಗಟ್ಟಿಯಾಗಿ ಮುಚ್ಚದಿದ್ದರೆ ಗಾಳಿ ಎಳೆದುಕೊಂಡು ಐಡಲ್ ಏರುಪೇರಾಗುತ್ತದೆ, ಆಮೇಲೆ ನೀವು ಕಾರ್ಬುರೇಟರ್ ಬಿಚ್ಚುತ್ತಾ ಕೂರುತ್ತೀರಿ. ರೇಡಿಯೇಟರ್ ಕೆಳಗಿನ ತೊಟ್ಟಿಗೆ ಹೋಗುವ ಎರಡು ಎಣ್ಣೆ ಪೈಪುಗಳನ್ನು ಬಿಚ್ಚಿ ಆ ಎರಡು ಮೂತಿಗೆ ಮುಚ್ಚಳ ಹಾಕಿ. ಕಿಕ್‌ಡೌನ್ ರಾಡ್ ತೆಗೆದು ಜೊತೆಗಿಡಿ.

ವೈರಿಂಗ್‌ನಲ್ಲಿ, ಆಟೋಮ್ಯಾಟಿಕ್ ಕಾರು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಸ್ಟಾರ್ಟ್ ಆಗದ ಹಾಗೆ ಒಂದು ಸ್ವಿಚ್ ಇದೆ. ಗೇರ್‌ಬಾಕ್ಸ್ ಜೊತೆ ಅದು ಹೋದಾಗ ಕಾರು ಸ್ಟಾರ್ಟೇ ಆಗುವುದಿಲ್ಲ. ಎರಡು ವೈರು ಸೇರಿಸಿ ಸುಮ್ನೆ ಇರಬೇಡಿ. ಅವನ್ನು ಕ್ಲಚ್ ಪೆಡಲ್ ಸ್ವಿಚ್‌ಗೆ ಕೊಡಿ, ಕ್ಲಚ್ ತುಳಿದರೆ ಮಾತ್ರ ಸ್ಟಾರ್ಟ್ ಆಗಲಿ. ಗೇರ್‌ನಲ್ಲಿದ್ದ ಕಾರಿನ ಕೀಲಿಯನ್ನು ಮಗು ತಿರುಗಿಸಿದರೂ ಅದು ಮುಂದೆ ನೆಗೆಯುತ್ತದೆ. ರಿವರ್ಸ್ ಲೈಟಿನ ವೈರನ್ನು ಟಿ5 ಮೇಲಿರುವ ಸ್ವಿಚ್‌ಗೆ ಎಳೆಯಿರಿ.

ಮತ್ತೆ ಹ್ಯಾಂಡ್‌ಬ್ರೇಕ್! ಇಷ್ಟು ದಿನ ಪಾರ್ಕ್‌ಗೆ ಹಾಕಿ ಇಳಿದುಬಿಡುತ್ತಿದ್ದಿರಿ. ಇನ್ನು ಮುಂದೆ ಅದಿಲ್ಲ. ಡ್ಯಾಶ್ ಕೆಳಗಿನ ಆ ಎಳೆಯುವ ಹಿಡಿ ವರ್ಷಗಟ್ಟಲೆ ಕೈ ತಾಗದೆ ಇದ್ದರೆ ಕೇಬಲ್ ಜಾಮ್ ಆಗಿರುತ್ತದೆ.

ಎಡಮೊಣಕಾಲು
ನಾನು ಉಲ್ಟಾ ದಾರಿಯಲ್ಲಿದ್ದೇನೆ. ಮೊಣಕಾಲು ನೋವಿಗೆ ಹಳೆಯ ಮ್ಯಾನುಯಲ್ ಕಾರನ್ನು ಆಟೋಮ್ಯಾಟಿಕ್ ಮಾಡಿಸಬೇಕು ಅಂತ. ನೀವೆಲ್ಲ ಬಿಚ್ಚಿದ ಸಾಮಾನು ಕೊಡುತ್ತೀರಾ?

ವಿ8_ಸದ್ದು
ಬೇರೆ ಚರ್ಚೆ ಶುರು ಮಾಡಿ, ಖಂಡಿತ ಬರುತ್ತೇವೆ. ಯಾವ ಕಾರು ಅಂತ ಬರೆಯಿರಿ.

ಲೆಕ್ಕಾಚಾರ
ಹಿಂದಿನ ಆಕ್ಸಲ್ ಬಗ್ಗೆ ಒಬ್ಬರೂ ಬರೆದಿಲ್ಲವಲ್ಲ. ಆಟೋಮ್ಯಾಟಿಕ್ ಕಾರಿಗೆ ಉದ್ದನೆಯ ಅನುಪಾತ ಕೊಟ್ಟಿರುತ್ತಾರೆ, 2.80 ಅಥವಾ 3.00, ಅಂದರೆ ಎರಡೂ ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ ಅಷ್ಟು ಸುತ್ತು ತಿರುಗಬೇಕು. ಟೈರಿನ ಸುತ್ತಳತೆ 2 ಮೀಟರ್ ಅಂತ ಇಟ್ಟುಕೊಳ್ಳಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 833 ಸುತ್ತು. 3.00 ಆಕ್ಸಲ್ ಇದ್ದರೆ, ಎಂಜಿನ್ನೂ ಶಾಫ್ಟೂ ಸಮ ತಿರುಗುವ ನಾಲ್ಕನೇ ಗೇರ್‌ನಲ್ಲಿ ಎಂಜಿನ್ 2500. ಐದನೇ ಗೇರ್‌ನಲ್ಲಿ 1700. ಸಣ್ಣ ಏರು ಬಂದರೂ ಎಂಜಿನ್ ಗೊಣಗಿ ನಾಲ್ಕಕ್ಕೆ ಇಳಿಸಬೇಕಾಗುತ್ತದೆ. 2.80 ಆದರೆ ಇನ್ನೂ ಕಡಿಮೆ, 1590ರ ಹತ್ತಿರ. 3.55 ಹಾಕಿದರೆ ಐದರಲ್ಲಿ 2000 ದಾಟುತ್ತದೆ. ಆಗ ಐದನೇ ಗೇರ್‌ಗೆ ಅರ್ಥ ಬರುತ್ತದೆ.

ವಿ8_ಸದ್ದು
289ಕ್ಕೆ ಕೆಳಗಿನ ಎಳೆತ ಚೆನ್ನಾಗಿದೆ ಸರ್. 1700ರಲ್ಲಿ ಸಮತಟ್ಟು ರಸ್ತೆಯಲ್ಲಿ ಆರಾಮಾಗಿ ಹೋಗುತ್ತದೆ. ಮೊದಲು ಹಾಗೇ ಓಡಿಸಿ ನೋಡಲಿ.

ಲೆಕ್ಕಾಚಾರ
ಓಡಿಸಿ ನೋಡಲಿ, ತಪ್ಪಿಲ್ಲ. ವಿ8 ಕಾರಿಗೆ ಬರುವ 8 ಇಂಚಿನ ಆಕ್ಸಲ್‌ನಲ್ಲಿ ಕ್ರೌನ್-ಪಿನಿಯನ್ ಇರುವ ಗಡ್ಡೆಯನ್ನು ಮುಂದಿನಿಂದ ಪೂರ್ತಿ ಹೊರಗೆ ತೆಗೆಯಬಹುದು. ಹಾಗಾಗಿ ಆಮೇಲೆ ಬದಲಿಸುವುದು ಸುಲಭ. ಆದರೆ ಅನುಪಾತ ಎಷ್ಟು ಅಂತ ಈಗಲೇ ತಿಳಿದಿರಲಿ, ಸ್ಪೀಡೋಮೀಟರ್‌ನ ಪ್ಲಾಸ್ಟಿಕ್ ಗೇರ್ ಎಷ್ಟು ಹಲ್ಲಿನದು ಬೇಕು ಅನ್ನುವುದೂ ಅದರ ಮೇಲೇ ನಿಂತಿದೆ.

ಹಳೇಗಾಡಿ
ಬಾಗಿಲಿನ ಪ್ಲೇಟ್‌ನ ಆಕ್ಸಲ್ ಕೋಡ್ ನಂಬಬಹುದಾ? ಇಷ್ಟು ವರ್ಷದಲ್ಲಿ ಯಾರಾದರೂ ಬದಲಿಸಿದ್ದರೆ?

ಲೆಕ್ಕಾಚಾರ
ನಂಬಬೇಡಿ, ಎಣಿಸಿ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದೇ ಚಕ್ರ ಜಾಕ್ ಮೇಲೆ ಎತ್ತಿ ಸ್ಟ್ಯಾಂಡ್ ಕೊಡಿ. ಇನ್ನೊಂದು ನೆಲದ ಮೇಲಿರಲಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಪ್ರೊಪೆಲ್ಲರ್ ಶಾಫ್ಟ್ ಮೇಲೆ ಸೀಮೆಸುಣ್ಣದ ಗೆರೆ, ಟೈರಿನ ಮೇಲೆ ಒಂದು ಗೆರೆ. ಇನ್ನೊಂದು ಚಕ್ರ ನಿಂತಿರುವುದರಿಂದ ಎತ್ತಿದ ಚಕ್ರವನ್ನು ಒಂದಲ್ಲ, ಸರಿಯಾಗಿ ಎರಡು ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತು ತಿರುಗಿತು ನೋಡಿ. ಪೂರ್ತಿ ಮೂರು ಸುತ್ತಾದರೆ 3.00. ಮೂರಕ್ಕೆ ಸ್ವಲ್ಪ ಮೊದಲೇ ನಿಂತರೆ 2.80. ಮಾಮೂಲಿ ಡಿಫರೆನ್ಷಿಯಲ್‌ಗೆ ಈ ಲೆಕ್ಕ, ಲಿಮಿಟೆಡ್ ಸ್ಲಿಪ್ ಇದ್ದರೆ ಒಂದು ಚಕ್ರ ಹೀಗೆ ಸಲೀಸಾಗಿ ತಿರುಗುವುದಿಲ್ಲ.

ಹಳೇಗಾಡಿ
ಮಾಡಿ ನೋಡಿದೆ. ಶಾಫ್ಟ್ ಮೂರು ಸುತ್ತಿಗೆ ಇನ್ನೂ ಬೆರಳಗಲ ಬಾಕಿ ಇರುವಾಗಲೇ ಚಕ್ರದ ಎರಡು ಸುತ್ತು ಮುಗಿಯಿತು. ಇದು 2.80 ಅಂತಲೋ 3.00 ಅಂತಲೋ?

ಲೆಕ್ಕಾಚಾರ
ಬೆರಳಗಲ ಅಂದರೆ 3.00. 2.80 ಆಗಿದ್ದರೆ ಸುತ್ತಿನ ಐದನೇ ಒಂದು ಭಾಗ ಬಾಕಿ ಇರುತ್ತಿತ್ತು, ಕಣ್ಣಿಗೆ ಹೊಡೆದು ಕಾಣುತ್ತದೆ. ಕೈಯಲ್ಲಿ ತಿರುಗಿಸುವಾಗ ಹಲ್ಲುಗಳ ಸಡಿಲದಿಂದ ಅಷ್ಟು ವ್ಯತ್ಯಾಸ ಬಂದೇ ಬರುತ್ತದೆ.

ಎಣ್ಣೆಕೈ
ಬ್ಯಾಂಡ್ ಅಡ್ಜಸ್ಟ್ ಮಾಡಿದಿರಾ?

ಹಳೇಗಾಡಿ
ಮಾಡಿದೆ. ರೇಸ್ ಆಗುವುದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಎಣ್ಣೆ ಕಂದು ಬಣ್ಣಕ್ಕೆ ತಿರುಗಿದೆ. ಕಾರು ಓಡುತ್ತಿದೆ, ಹಾಗಾಗಿ ಅವಸರ ಇಲ್ಲ. ಮೊದಲು ಪೆಡಲ್ ಬ್ರ್ಯಾಕೆಟ್ ಮತ್ತು ಝಡ್ ಬಾರ್ ಹುಡುಕುತ್ತೇನೆ, ಆಮೇಲೆ ಅದಕ್ಕೆ ಹೊಂದುವ ಬೆಲ್ ಹೌಸಿಂಗ್, 28ರ ಫ್ಲೈವೀಲ್. ಗೇರ್‌ಬಾಕ್ಸ್ ಕೊನೆಗೆ. ಯಾರ ಹತ್ತಿರವಾದರೂ 1965-66ರ ಮ್ಯಾನುಯಲ್ ಪೆಡಲ್ ಸೆಟ್ ಇದ್ದರೆ ಇಲ್ಲೇ ಬರೆಯಿರಿ, ಬುಷ್ ಸವೆದಿದ್ದರೂ ಪರವಾಗಿಲ್ಲ.

ಗಾಯತ್ರಿ_ಗ್ಯಾರೇಜ್
ನನ್ನ ಹತ್ತಿರ ಒಂದು ಬ್ರ್ಯಾಕೆಟ್ ಇದೆ. ಕ್ಲಚ್ ಪೆಡಲ್ ಇದೆ, ಮೇಲಿನ ಸ್ಪ್ರಿಂಗ್ ಇಲ್ಲ. ಫೋಟೋ ತೆಗೆದು ಹಾಕುತ್ತೇನೆ, ನೋಡಿ ಹೇಳಿ.